ಓಲೆಯ ಚಿತ್ರಕಾರನ ಅಂತರಂಗ

ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿಗೆ ಸೇರಿದ ದಂಡಿನಶಿವರ ತೆಂಗಿನ ಸೀಮೆಯ ಊರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸುತ್ತಿನ ಹಳೆಯ ಮನೆಗಳಲ್ಲಿ ಅಟ್ಟಕ್ಕೆ ಏರಿಸಿದ ಕಾಯಿ ತಿಂಗಳುಗಟ್ಟಲೆ ಅಲ್ಲಿಯೇ ಇದ್ದು, ನೀರಾರಿ, ಚಿಪ್ಪು ಬಿಟ್ಟು, ಕೊಬ್ಬರಿಯಾಗಿ ಇಳಿಯುತ್ತದೆ. ಅದೇ ಅಟ್ಟದ ಮೂಲೆಯಲ್ಲಿ ಓಲೆಗರಿಯ ಕಟ್ಟೊಂದು ಇದ್ದೀತೆಂಬ ಆಸೆಯಿಂದ ನಮ್ಮಂಥವರು ಇಂಥ ಊರುಗಳನ್ನು ಸುತ್ತುವುದುಂಟು. ಹಾಗೆ ಹೋದಾಗ ಒಮ್ಮೆ ದಂಡಿನಶಿವರದ ಮನೆಯೊಂದರ ಪಡಸಾಲೆಯಲ್ಲಿ, ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳ ಚಿತ್ರಿತ ಓಲೆಗಳ ಛಾಯಾಚಿತ್ರಗಳನ್ನು ಹರಡಿ, ನೆರೆದವರಿಗೆ ಅವುಗಳ ಮಹತ್ತ್ವವನ್ನು ವಿವರಿಸುತ್ತಿದ್ದೆನು. ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸುವ ಮೇಷ್ಟರೊಬ್ಬರು ಅಲ್ಲಿದ್ದರು. ಎಲ್ಲವನ್ನೂ ಕೇಳಿಸಿಕೊಂಡು ಅವರು ಹೀಗೆಂದರು: “ಪಂಡಿತರೆ, ಇದನ್ನು ಬರೆಸಿದ ಅಮ್ಮನ ಹೆಸರು ಹೇಳಿದಿರಿ, ಇಸಕೊಂಡ ಗುರುಗಳ ಹೆಸರು ಹೇಳಿದಿರಿ. ಚಿತ್ರ ಬರೆದವನು ಏನಂತ ಹೇಳಿಕೊಂಡಿದಾನೆ? ಯಾಕೆ ಬರೆದೆ, ಹೆಂಗೆ ಬರೆದೆ ಅಂತ ಅವನದೊಂದು ಮಾತೂ ಇಲ್ಲವೆ?”

“ಇಲ್ಲ” ಎಂದುಬಿಟ್ಟೆನು. ಅವರು ಮತ್ತೆ ಮಾತನಾಡಲಿಲ್ಲ. ಛಾಯಾಚಿತ್ರವೊಂದನ್ನು ಎತ್ತಿಕೊಂಡು ಬೆಳಕಿನ ಕಡೆಗೆ ಹಿಡಿದು ಬಹಳ ಹೊತ್ತು ನೋಡಿದರು. ಹಿಂದಿರುಗಿ ಬರುವಾಗ, ನಾನು ಕೊಟ್ಟ ಉತ್ತರ ಅವಸರದ್ದಾಯಿತೆಂಬ ಅಳುಕು ನನ್ನನ್ನು ಬಿಡಲಿಲ್ಲ. ಆ ಉತ್ತರವನ್ನು ತಿದ್ದಿಕೊಳ್ಳುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಆ ಪ್ರಶ್ನೆ ಹುಟ್ಟಿದ ನೆಲವನ್ನು ನೋಡೋಣ. ದಂಡಿನಶಿವರದ ಸುತ್ತಣ ಸೀಮೆ ಹೊಯ್ಸಳರ ಕಾಲದ ಶಿಲ್ಪಕ್ಕೆ ಪ್ರಸಿದ್ಧವಾದುದು. ತುರುವೇಕೆರೆಯ ಚೆನ್ನಿಗರಾಯ ದೇವಾಲಯ ಕ್ರಿ.ಶ. 1263ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮಣ್ಣನಿಂದ ನಿರ್ಮಿತವಾಯಿತು. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದ ಕಾಲ ಕ್ರಿ.ಶ. 1246. ಜೈನರಿಗೆ ಸಂಬಂಧಿಸಿದಂತೆ ಹೆಗ್ಗೆರೆಯಲ್ಲಿ ಪಾರ್ಶ್ವನಾಥ ಬಸದಿಯೂ ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಶಾಂತಿನಾಥ ಬಸದಿಯೂ ಇವೆ. ತಿಪಟೂರಿಗೆ ಸಮೀಪದ ಅರಸೀಕೆರೆಯಲ್ಲಿ ಕ್ರಿ.ಶ. 1220ರ ಸಹಸ್ರಕೂಟ ಜಿನಾಲಯವಿದೆ. ಈ ಪರಂಪರೆಯ ಒಂದು ವಿಶೇಷವೆಂದರೆ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲಿಯೇ ಕಂಡರಿಸಿರುವುದು. ನುಗ್ಗೇಹಳ್ಳಿಯಲ್ಲಿ ಬೈಚೋಜ ಮತ್ತು ಮಲ್ಲಿತಮ್ಮರ ಹೆಸರುಗಳು ಅವರವರು ಕೆತ್ತಿದ ಮೂರ್ತಿಗಳ ಬಳಿಯಲ್ಲಿಯೇ ಓದಸಿಗುತ್ತವೆ. ಇವರಿಗಿಂತ ನೂರು ವರ್ಷಕ್ಕೂ ಹಿಂದೆ, ಕ್ರಿ.ಶ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ದೇಗುಲದಲ್ಲಿ, ಬಳ್ಳಿಗಾವೆಯ ದಾಸೋಜನೂ ಆತನ ಮಗ ಚಾವಣನೂ ತಮ್ಮ ಹೆಸರುಗಳನ್ನು ಬಿರುದುಗಳೊಡನೆ ಬರೆದುಕೊಂಡರು. ಇಂಥ ನೆಲದಲ್ಲಿ ಹುಟ್ಟಿ ಬೆಳೆದವರಿಗೆ ‘ಮಾಡಿದವನು ಯಾರು’ ಎಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ.

ಬೇಲೂರಿನ ಶಿಲ್ಪಿಗಳು ಹೆಸರು ಕೊರೆದ ಆ ವರ್ಷಗಳಲ್ಲಿಯೇ, ಅದೇ ಕನ್ನಡ ನಾಡಿನಲ್ಲಿ, ಮತ್ತೊಬ್ಬ ಕುಶಲಿ ಶ್ರೀತಾಳೆಯ ಓಲೆಯ ಮೇಲೆ ಕುಂಚವಾಡಿಸುತ್ತಿದ್ದನು. ಮೂಡಬಿದಿರೆಯ ಗುರುಬಸದಿ ಅಥವಾ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿ ಬಂದ ಧವಲಾ, ಜಯಧವಲಾ, ಮಹಾಬಂಧಗಳ ಓಲೆಯ ಪ್ರತಿಗಳಲ್ಲಿ ಕೆಲವು ಓಲೆಗಳು ಚಿತ್ರಿತವಾಗಿವೆ. ಅವುಗಳನ್ನು ವಿದ್ವಾಂಸರು ಕ್ರಿ.ಶ. 1113ರಿಂದ 1120ರವರೆಗಿನ ಅವಧಿಗೆ ಸೇರಿಸಿದ್ದಾರೆ. ದಕ್ಷಿಣ ಭಾರತದ ಚಿತ್ರಿತ ಹಸ್ತಪ್ರತಿಗಳಲ್ಲಿ ಇವು ಅತ್ಯಂತ ಪ್ರಾಚೀನವಾದವುಗಳ ಸಾಲಿಗೆ ಸೇರುತ್ತವೆ. ಸಾಮಾನ್ಯವಾಗಿ ನಮ್ಮ ಓಲೆಗರಿಗಳಲ್ಲಿ ಅಕ್ಷರವನ್ನು ಕಂಟದಿಂದ ಕೊರೆದು, ಮೇಲೆ ಕಾಡಿಗೆ ತೊಡೆಯುವುದು ವಾಡಿಕೆ. ಇವುಗಳಲ್ಲಿ ಹಾಗಲ್ಲ, ಅಕ್ಷರಗಳನ್ನು ಮಸಿಯಿಂದ ಬರೆದಿದೆ. ಆದುದರಿಂದ ಅಕ್ಷರವೂ ಚಿತ್ರವೂ ಓಲೆಯ ಮೇಲ್ಮೈಯಲ್ಲಿಯೇ ನೆಲೆಸಿವೆ, ಒಳಕ್ಕೆ ಇಳಿದಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದರಿಂದ ಪ್ರಯೋಜನವಿದೆ.

ಈ ಪ್ರತಿಗಳನ್ನು ಬರೆಯಿಸಿದವರ ಹೆಸರು ಅವುಗಳ ಪ್ರಶಸ್ತಿಗಳಿಂದಲೇ ತಿಳಿಯುತ್ತದೆ. ಧವಲಾ ಪ್ರತಿಯನ್ನು ದೇಮಿಯಕ್ಕ ಎಂಬ ಶ್ರಾವಿಕೆ ಶ್ರುತಪಂಚಮಿ ವ್ರತದ ಉದ್ಯಾಪನೆಗಾಗಿ ಬರೆಯಿಸಿ, ಬನ್ನಿಕೆರೆಯ ಚೈತ್ಯಾಲಯದಲ್ಲಿದ್ದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆ ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಶುಭಚಂದ್ರರು ಶಕ 1045ರಲ್ಲಿ, ಎಂದರೆ ಕ್ರಿ.ಶ. 1123ರಲ್ಲಿ ಸ್ವರ್ಗಸ್ಥರಾದರೆಂದು ಶ್ರವಣಬೆಳಗೊಳದ ಶಾಸನ ತಿಳಿಸುವುದರಿಂದ ಧವಲಾ ಪ್ರತಿಯ ಕಾಲಕ್ಕೆ ಒಂದು ಮೇರೆ ಸಿಕ್ಕಿದೆ. ಹೀಗೆ ದಾನಿಯ ಹೆಸರಿದೆ, ಪ್ರತಿಗ್ರಹ ಮಾಡಿದ ಗುರುವಿನ ಹೆಸರಿದೆ. ಆದರೆ ಪಾರ್ಶ್ವನಾಥನನ್ನು, ಬಳ್ಳಿಗಳು ಹಬ್ಬಿದ ಬಾಹುಬಲಿಯನ್ನು, ಮಾವಿನ ಮರದಡಿಯಲ್ಲಿ ಮಕ್ಕಳೊಡನೆಯೂ ಸಿಂಹದೊಡನೆಯೂ ಇರುವ ಅಂಬಿಕೆಯನ್ನು, ಕೈಮುಗಿದು ಕುಳಿತ ಶ್ರಾವಕ ಶ್ರಾವಿಕೆಯರನ್ನು ಬರೆದ ಚಿತ್ರಕಾರನ ಹೆಸರು ನಮಗೆ ದೊರೆತಿಲ್ಲ.

ಈ ಮೌನಕ್ಕೆ ಕಾರಣವೇನು? ಓಲೆಯಲ್ಲಿ ಎಡೆ ಸಾಲದೆ ಹೋಯಿತೆಂದು ಹೇಳುವಂತಿಲ್ಲ. ಒಂದು ಹೆಸರಿಗೆ ಎಷ್ಟು ಎಡೆ ಬೇಕು? ಓಲೆ ಬರೆದ ಲಿಪಿಕಾರರನ್ನು ಇಲ್ಲಿ ಹೋಲಿಸಿ ನೋಡಬಹುದು. ಹಸ್ತಪ್ರತಿಗಳ ಕೊನೆಯಲ್ಲಿ ಅವರು ತಮ್ಮ ಪಾಡನ್ನು ತೋಡಿಕೊಂಡಿರುವುದು ಎಲ್ಲರೂ ಬಲ್ಲ ವಿಷಯ. ಬೆನ್ನು ಬಾಗಿತು, ಕತ್ತು ಸೋತಿತು, ಕಣ್ಣು ಮಂಜಾಯಿತು, ಕಷ್ಟದಿಂದ ಬರೆದುದನ್ನು ಜತನದಿಂದ ಕಾಪಾಡಿರಿ, ತಪ್ಪಿದ್ದರೆ ಬಲ್ಲವರು ತಿದ್ದಿರಿ ಎಂಬ ತಾತ್ಪರ್ಯದ ಮಾತುಗಳನ್ನು ಅವರು ಬಿಟ್ಟುಹೋಗಿದ್ದಾರೆ. ಲಿಪಿಕಾರನ ಮುಂದೆ ಮೂಲಪ್ರತಿಯಿತ್ತು. ಅದಕ್ಕೆ ತಪ್ಪಿ ನಡೆದರೆ ದೋಷವೆಂಬ ಭಯವೂ ಇತ್ತು. ಆ ಭಯವೇ ಅವನನ್ನು ಮಾತನಾಡಿಸಿತು. ಚಿತ್ರಕಾರನಿಗೆ ಎದುರಿನಲ್ಲಿ ಅಂಥ ಪ್ರತಿಯಿರಬೇಕೆಂಬ ನಿಯಮವಿಲ್ಲ. ಅವನ ಮೂಲಪ್ರತಿ ಅವನ ಮನಸ್ಸಿನಲ್ಲಿತ್ತು. ಅದಕ್ಕೆ ತಾನು ನಡೆದುಕೊಂಡೆನೋ ಇಲ್ಲವೋ ಎಂಬುದು ಅವನಿಗೊಬ್ಬನಿಗೇ ಗೊತ್ತು. ಕ್ಷಮೆ ಕೇಳಬೇಕಾದುದೂ ತನ್ನನ್ನೇ. ಶ್ರುತಪೂಜೆಗೆಂದು ಸಿದ್ಧವಾಗುತ್ತಿದ್ದ ಓಲೆಯಲ್ಲಿ ‘ನಾನು’ ಎಂಬುದಕ್ಕೆ ಎಡೆಯಿಲ್ಲವೆಂದು ಅವನು ಬಗೆದಿದ್ದರೆ ಆಶ್ಚರ್ಯವಿಲ್ಲ. ಆದರೆ ‘ನಾನು’ ಎನ್ನದವನು ಏನನ್ನೂ ಯೋಚಿಸಲಿಲ್ಲ ಎಂದು ನಾವು ತಿಳಿಯಬಾರದು. ಅವನ ಯೋಚನೆಯ ಜಾಡು ಮೂರು ಕಡೆಗಳಲ್ಲಿ ದೊರೆಯುತ್ತದೆ: ಅವನು ಯಾವ ಗ್ರಂಥಕ್ಕೆ ಚಿತ್ರ ಬರೆದನೋ ಆ ಗ್ರಂಥದಲ್ಲಿ, ಅವನ ಕಾಲದ ಜನ ಕೇಳಿ ಬಲ್ಲ ಪುರಾಣಕಥೆಯಲ್ಲಿ, ಅವನ ಸಮಕಾಲೀನನಾದ ಕನ್ನಡನಾಡಿನ ಅರಸನೊಬ್ಬನ ಶಾಸ್ತ್ರಗ್ರಂಥದಲ್ಲಿ.

ಮೊದಲನೆಯದಾಗಿ ಗ್ರಂಥವನ್ನು ತೆಗೆದುಕೊಳ್ಳೋಣ. ಪುಷ್ಪದಂತ ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಟೀಕೆಯೇ ಧವಲಾ. ಇದು ಕ್ರಿ.ಶ. 816ರಲ್ಲಿ ಮುಗಿಯಿತು. ಒಂದು ಶಬ್ದವನ್ನು ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಿಕ್ಷೇಪಗಳಿಂದ ಪರಿಶೀಲಿಸುವುದು ಆಗಮದ ಪದ್ಧತಿ. ಇವುಗಳಲ್ಲಿ ಸ್ಥಾಪನೆಯೆಂದರೆ ಒಂದು ವಸ್ತುವನ್ನು ಮತ್ತೊಂದರಲ್ಲಿ ‘ಇದು ಅದೇ’ ಎಂದು ನೆಲೆಗೊಳಿಸುವುದು. ಸ್ಥಾಪನೆ ಎಲ್ಲೆಲ್ಲಿ ಆಗುತ್ತದೆಂಬುದನ್ನು ಹೇಳುವಾಗ ಆಗಮವು ಕಟ್ಠಕಮ್ಮ, ಚಿತ್ತಕಮ್ಮ, ಪೊತ್ತಕಮ್ಮ, ಲೆಪ್ಪಕಮ್ಮ, ಸೇಲಕಮ್ಮ, ಭಿತ್ತಿಕಮ್ಮ, ದಂತಕಮ್ಮ ಮುಂತಾದ ಕುಶಲಕರ್ಮಗಳ ಪಟ್ಟಿಯನ್ನೇ ಕೊಡುತ್ತದೆ. ಮರಗೆಲಸ, ಚಿತ್ರ, ಬಟ್ಟೆಯ ಕೆಲಸ, ಲೇಪದ ಕೆಲಸ, ಕಲ್ಲುಗೆಲಸ, ಗೋಡೆಯ ಕೆಲಸ, ದಂತದ ಕೆಲಸ ಇವೆಲ್ಲವೂ ಅಲ್ಲಿ ಬಂದಿವೆ. ವೀರಸೇನರು ಚಿತ್ತಕಮ್ಮವನ್ನು ವಿವರಿಸುತ್ತ, ಬಟ್ಟೆ, ಗೋಡೆ, ಹಲಗೆ ಮೊದಲಾದವುಗಳ ಮೇಲೆ ನರ್ತನಾದಿ ಕ್ರಿಯೆಗಳಲ್ಲಿ ತೊಡಗಿರುವ ದೇವ, ನಾರಕ, ತಿರ್ಯಂಚ, ಮನುಷ್ಯರ ಪ್ರತಿಮೆಗಳೆಂದು ಅರ್ಥ ಹೇಳುತ್ತಾರೆ.

ಇದರ ಅಭಿಪ್ರಾಯವನ್ನು ಗಮನಿಸಬೇಕು. ಕರ್ಮಸಿದ್ಧಾಂತವನ್ನು ಅತ್ಯಂತ ಸೂಕ್ಷ್ಮವಾಗಿ ವಿವೇಚಿಸುವ ಆಗಮವು ಚಿತ್ರವನ್ನು ಅಲಂಕಾರವೆಂದು ಪಕ್ಕಕ್ಕೆ ಸರಿಸಲಿಲ್ಲ; ತಿಳಿವಿನ ಬಾಗಿಲುಗಳಲ್ಲಿ ಒಂದೆಂದು ಒಪ್ಪಿಕೊಂಡಿತು. ಸ್ಥಾಪನೆ ಎರಡು ವಿಧ. ಆಕಾರ ಹೋಲುವುದು ಸದ್ಭಾವ ಸ್ಥಾಪನೆ. ಆಕಾರವಿಲ್ಲದೆ ಬರಿಯ ಸಂಕಲ್ಪದಿಂದ ನೆಲೆಗೊಳಿಸಿದುದು ಅಸದ್ಭಾವ ಸ್ಥಾಪನೆ. ಅಕ್ಕಿಯ ಕಾಳನ್ನಿಟ್ಟು ಇದು ಜಿನನೆಂದರೆ ಎರಡನೆಯದು. ಪರ್ಯಂಕದಲ್ಲಿ ಕುಳಿತ ರೂಪವನ್ನು ಬರೆದರೆ ಮೊದಲನೆಯದು. ಎರಡಕ್ಕೂ ಆಧಾರ ಸ್ಥಾಪಿಸುವವನ ಚಿತ್ತವೇ. ಆಗಮದ ಓಲೆಯ ತುದಿಯಲ್ಲಿ ತೀರ್ಥಂಕರನನ್ನು ಬರೆದವನು ಗ್ರಂಥದ ಹೊರಗೆ ನಿಂತು ಅದನ್ನು ಸಿಂಗರಿಸಿದವನಲ್ಲ. ಗ್ರಂಥವು ಹೇಳಿದ ಸ್ಥಾಪನೆಯನ್ನು ಅದೇ ಓಲೆಯ ಮೇಲೆ ಮಾಡಿ ತೋರಿಸಿದವನು. ಅವನು ಈ ಪ್ರಾಕೃತ ವಾಕ್ಯಗಳನ್ನು ಸ್ವತಃ ಓದಬಲ್ಲವನಾಗಿದ್ದನೆಂದು ನಾನು ಹೇಳುತ್ತಿಲ್ಲ. ಅವನಿಂದ ಬರೆಯಿಸಿದವರೂ ಅದನ್ನು ಕೈಗೆತ್ತಿಕೊಂಡ ಸಿದ್ಧಾಂತದೇವರೂ ಇದನ್ನು ಬಲ್ಲವರಾಗಿದ್ದರು.

ಎರಡನೆಯದು ಪುರಾಣ. ವೀರಸೇನರ ಶಿಷ್ಯರಾದ ಜಿನಸೇನಾಚಾರ್ಯರು ಗುರುಗಳು ಅರ್ಧದಲ್ಲಿ ಬಿಟ್ಟ ಜಯಧವಲಾ ಟೀಕೆಯನ್ನು ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ ಪೂರ್ಣಗೊಳಿಸಿದರು. ಸಂಸ್ಕೃತ ಆದಿಪುರಾಣದ ಕರ್ತೃಗಳೂ ಇವರೇ. ಮೂಡಬಿದಿರೆಯ ಪ್ರತಿಗಳಲ್ಲಿರುವ ಜಯಧವಲೆಯನ್ನು ರಚಿಸಿದ ಲೇಖನಿಯೇ ಕಥಾಲೋಕದ ಒಬ್ಬಳು ಅಪೂರ್ವ ಚಿತ್ರಕಾರ್ತಿಯನ್ನೂ ಸೃಷ್ಟಿಸಿತು. ಆಕೆಯೇ ಶ್ರೀಮತಿ. ಕ್ರಿ.ಶ. 941ರಲ್ಲಿ ಪಂಪನು ತನ್ನ ಆದಿಪುರಾಣದಲ್ಲಿ ಈ ಕಥೆಯನ್ನು ಕನ್ನಡಕ್ಕೆ ತಂದುದರಿಂದ ಅದು ನಮ್ಮ ಮನೆಮಾತಾಯಿತು.

ಪುಂಡರೀಕಿಣಿಯ ವಜ್ರದಂತ ಚಕ್ರವರ್ತಿಯ ಮಗಳು ಶ್ರೀಮತಿ. ಯಶೋಧರ ಗುರುಗಳ ಕೇವಲಜ್ಞಾನದ ಪೂಜೆಗೆ ದೇವತೆಗಳು ಬರುವುದನ್ನು ಕಂಡೊಡನೆ ಅವಳಿಗೆ ಪೂರ್ವಜನ್ಮದ ಸ್ಮರಣೆಯಾಗುತ್ತದೆ, ಮೂರ್ಛೆ ಹೋಗುತ್ತಾಳೆ. ಎಚ್ಚರವಾದ ಮೇಲೆ ಮೌನ ತಾಳುತ್ತಾಳೆ. ಕೊನೆಗೆ ದಾದಿ ಪಂಡಿತೆಯೊಡನೆ ಮಾತ್ರ, ತಾನು ಸ್ವರ್ಗದಲ್ಲಿ ಲಲಿತಾಂಗದೇವನ ಪ್ರಿಯೆ ಸ್ವಯಂಪ್ರಭೆಯಾಗಿದ್ದುದನ್ನೂ, ಅದಕ್ಕೂ ಹಿಂದೆ ನಿರ್ನಾಮಿಕೆಯೆಂಬ ಬಡ ಹುಡುಗಿಯಾಗಿದ್ದು ಪಿಹಿತಾಸ್ರವ ಮುನಿಗಳಿಂದ ವ್ರತ ಪಡೆದುದನ್ನೂ ತಿಳಿಸುತ್ತಾಳೆ. ನೆನಪಾದುದನ್ನು ಪಟದಲ್ಲಿ ಬರೆಯುತ್ತಾಳೆ. ಪಂಡಿತೆ ಆ ಪಟವನ್ನು ಮಹಾಪೂತ ಚೈತ್ಯಾಲಯದಲ್ಲಿ ಬಿಚ್ಚಿ ತೋರಿಸುತ್ತಾಳೆ. ವಾಸವ, ದುರ್ದಾಂತ ಎಂಬ ಇಬ್ಬರು ತಾವೇ ಆ ಪೂರ್ವಜನ್ಮದ ಪ್ರಿಯರೆಂದು ಹೇಳಿಕೊಂಡು ಬರುತ್ತಾರೆ. ಚಿತ್ರದಲ್ಲಿ ಅಡಗಿದ ಗೂಢವನ್ನು ಕೇಳಿದಾಗ ಉತ್ತರ ತಿಳಿಯದೆ ನಾಚಿ ಹಿಂದಿರುಗುತ್ತಾರೆ. ಅನಂತರ ಬಂದ ವಜ್ರಜಂಘನು ಪಟವನ್ನು ಕಂಡು ತನ್ನ ಜನ್ಮವನ್ನೇ ನೆನೆದು ಮೂರ್ಛಿತನಾಗುತ್ತಾನೆ.

ಚಿತ್ರಕಲೆಯ ದೃಷ್ಟಿಯಿಂದ ಈ ಕಥೆಯನ್ನು ಓದಿದರೆ, ಬರೆಯುವವರ ಅಂತರಂಗದ ವಿಷಯವಾಗಿ ನಾಲ್ಕು ಮಾತುಗಳು ಇದರಲ್ಲಿ ಅಡಗಿವೆಯೆಂದು ನನಗೆ ತೋರುತ್ತದೆ. ಒಂದು, ಚಿತ್ರದ ಪ್ರೇರಣೆ ಕಣ್ಣೆದುರಿನ ನೋಟವಲ್ಲ. ನೋಟ ಎಬ್ಬಿಸಿದ ಸ್ಮರಣೆ. ಶ್ರೀಮತಿ ಕಂಡುದು ದೇವತೆಗಳ ಆಗಮನವನ್ನು, ಬರೆದುದು ಅದನ್ನಲ್ಲ. ಎರಡು, ಸ್ಮರಣೆಗೂ ಬರವಣಿಗೆಗೂ ನಡುವೆ ಮೌನದ ಕಾಲವೊಂದಿದೆ. ಕಂಡ ಕೂಡಲೇ ಕೈಯಾಡಿಸಿದರೆ ಚಿತ್ರವಾಗುವುದಿಲ್ಲ. ಮೂರು, ಚಿತ್ರಕಾರ್ತಿ ಎಲ್ಲವನ್ನೂ ಬರೆಯುವುದಿಲ್ಲ. ಕೆಲವನ್ನು ಪ್ರಕಟವಾಗಿಯೂ ಕೆಲವನ್ನು ಗೂಢವಾಗಿಯೂ ಇಡುತ್ತಾಳೆ. ಪಟದಲ್ಲಿ ಇರುವುದನ್ನು ಗುರುತಿಸಿದ ವಜ್ರಜಂಘನು, ಕೆಲವು ರಹಸ್ಯಗಳು ಇಲ್ಲಿ ಏಕೆ ಬರೆಯಲ್ಪಟ್ಟಿಲ್ಲವೆಂದೂ ಕೇಳುತ್ತಾನೆ. ಬಿಟ್ಟುದನ್ನು ಬಲ್ಲವನೇ ಚಿತ್ರದ ನಿಜವಾದ ನೋಟಕ. ನಾಲ್ಕು, ಪಟದಲ್ಲಿ ಶ್ರೀಮತಿಯ ಸಹಿಯಿಲ್ಲ. ಸಹಿಯಿದ್ದಿದ್ದರೆ ಪರೀಕ್ಷೆಯೇ ವ್ಯರ್ಥವಾಗುತ್ತಿತ್ತು. ಬರೆದವರಾರೆಂಬುದನ್ನು ಚಿತ್ರದಿಂದಲೇ ತಿಳಿಯಬೇಕು. ಅದಕ್ಕಾಗಿಯೇ ಅದು ಬಸದಿಯಲ್ಲಿ ಹಾಸಿಕೊಂಡು ಕಾಯುತ್ತಿದೆ.

ಅದೇ ಆದಿಪುರಾಣದಲ್ಲಿ ವೃಷಭದೇವನು ಮಕ್ಕಳಿಗೆ ವಿದ್ಯೆಗಳನ್ನು ಕಲಿಸುವ ಸಂದರ್ಭವಿದೆ. ಬ್ರಾಹ್ಮಿಗೆ ಅಕ್ಷರ, ಸುಂದರಿಗೆ ಅಂಕ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಮಗ ಅನಂತವಿಜಯನಿಗೆ ಚಿತ್ರಕಲೆಯನ್ನು ಕಲಿಸಿದನೆಂಬುದನ್ನು ಹೇಳುವವರು ಕಡಿಮೆ. ಅಕ್ಷರವೂ ಚಿತ್ರವೂ ಒಬ್ಬನೇ ಗುರುವಿನ ಬಾಯಿಂದ ಬಂದ ಒಡಹುಟ್ಟಿದ ವಿದ್ಯೆಗಳೆಂಬುದು ಜಿನಸೇನರ ಭಾವ. ಓಲೆಯ ಮೇಲೆ ಅಕ್ಷರದ ಪಕ್ಕದಲ್ಲಿ ಚಿತ್ರ ಕುಳಿತುದಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯ ಬೇಕಿಲ್ಲ.

ಶ್ವೇತಾಂಬರ ಆಗಮವಾದ ನಾಯಾಧಮ್ಮಕಹಾದಲ್ಲಿ ಬರುವ ಮಲ್ಲಿಯ ಕಥೆಯನ್ನು ಇದರೊಡನೆ ಹೋಲಿಸಬಹುದು. ಅಲ್ಲಿ ಚಿತ್ರಕಾರನೊಬ್ಬನು ಮರೆಯಿಂದ ಮಲ್ಲಿಯ ಕಾಲಿನ ಹೆಬ್ಬೆರಳನ್ನು ಮಾತ್ರ ಕಂಡು ಅವಳ ಇಡೀ ರೂಪವನ್ನು ಯಥಾವತ್ತಾಗಿ ಬರೆಯುತ್ತಾನೆ. ಅಕ್ಕನೇ ಎದುರು ನಿಂತಿದ್ದಾಳೆಂದು ಭ್ರಮಿಸಿ ನಾಚಿದ ರಾಜಕುಮಾರನು ಕೋಪಗೊಂಡು ಚಿತ್ರಕಾರನ ಕೈಬೆರಳನ್ನು ಕತ್ತರಿಸಿ ಗಡೀಪಾರು ಮಾಡಿಸುತ್ತಾನೆ. ಶ್ರೀಮತಿ ಬಲ್ಲುದರಲ್ಲಿ ಕೆಲವನ್ನು ಬಿಟ್ಟು ಬರೆದಳು. ಈತ ಕಾಣದುದನ್ನೂ ಬರೆದನು. ಬಿಡುವುದನ್ನು ಅರಿಯದ ಕೌಶಲ ಅಪಾಯಕ್ಕೆ ಎಡೆಯಾಯಿತು. ಸಂಪ್ರದಾಯಗಳು ಬೇರೆಯಾದರೂ ಎರಡು ಕಥೆಗಳೂ ಚಿತ್ರಕಾರನ ಸಂಯಮವನ್ನೇ ಕುರಿತು ಆಲೋಚಿಸಿವೆ.

ಇಷ್ಟು ಒಳಗಿನ ಮಾತಾಯಿತು. ಆದರೆ ಶ್ರೀಮತಿ ಬಣ್ಣವನ್ನು ಹೇಗೆ ಅರೆದಳು, ಕುಂಚವನ್ನು ಹೇಗೆ ಕಟ್ಟಿದಳು ಎಂಬುದಕ್ಕೆ ಪುರಾಣಕಥೆಯಿಂದ ಉತ್ತರ ಸಿಕ್ಕುವುದಿಲ್ಲ. ಅದನ್ನು ತಿಳಿಯಲು ಮೂರನೆಯ ಆಧಾರವಾದ ಮಾನಸೋಲ್ಲಾಸಕ್ಕೆ ಬರಬೇಕು. ಅಭಿಲಷಿತಾರ್ಥ ಚಿಂತಾಮಣಿಯೆಂದೂ ಹೆಸರಾದ ಈ ಸಂಸ್ಕೃತ ಗ್ರಂಥವನ್ನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮುಮ್ಮಡಿ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ರಚಿಸಿದನು. ಮೂಡಬಿದಿರೆಯ ಓಲೆಗಳಿಗೂ ಇದಕ್ಕೂ ಹತ್ತು ಹದಿನೈದು ವರ್ಷಗಳ ಅಂತರ ಮಾತ್ರ. ಈತ ಜೈನನಲ್ಲ, ಗ್ರಂಥವೂ ಮುಖ್ಯವಾಗಿ ಗೋಡೆಯ ಚಿತ್ರವನ್ನು ಕುರಿತದ್ದು. ಆದರೂ ಆ ಕಾಲದ ಕನ್ನಡನಾಡಿನ ಚಿತ್ರಕಾರನ ಕೈಕೆಲಸವನ್ನು ಇಷ್ಟು ಹತ್ತಿರದಿಂದ ಕಂಡು ಬರೆದುದು ಬೇರೆ ಇಲ್ಲ.

ಎಮ್ಮೆಯ ತೊಗಲನ್ನು ನೀರಿನಲ್ಲಿ ಬೆಣ್ಣೆಯಂತೆ ಮೆತ್ತಗಾಗುವವರೆಗೆ ಕುದಿಸಿ, ಕಡ್ಡಿಗಳನ್ನಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಿ, ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿಕೊಳ್ಳುವ ವಜ್ರಲೇಪವೆಂಬ ಅಂಟನ್ನು ಅವನು ವರ್ಣಿಸುತ್ತಾನೆ. ಬಿಳಿಯ ಮಣ್ಣಿನೊಡನೆ ಕೂಡಿದ ಇದೇ ಲೇಪವನ್ನು ಭಿತ್ತಿಗೆ ಮತ್ತೆ ಮತ್ತೆ ಬಳಿಯಬೇಕು. ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಅರೆದು ಹೊಸೆದ ಬತ್ತಿ ಮೊದಲ ರೇಖೆಗೆ. ಕರುವಿನ ಕಿವಿಯ ಕೂದಲೇ ಮೊದಲಾದುವನ್ನು ಅರಗಿನಿಂದ ಕಡ್ಡಿಗೆ ಕೂಡಿಸಿ ಮಾಡಿದ ಕುಂಚಗಳಲ್ಲಿ ದಪ್ಪ, ನಡುತರ, ಸಣ್ಣ ಎಂಬ ಭೇದಗಳು. ಬಿಳಿಗೆ ಶಂಖ, ಕೆಂಪಿಗೆ ಇಂಗಲೀಕ, ಅರಗಿನ ರಸ ಮತ್ತು ಕಾವಿ, ಹಳದಿಗೆ ಹರಿತಾಳ, ಕಪ್ಪಿಗೆ ಕಾಡಿಗೆ. ಇವುಗಳ ಬೆರಕೆಯಿಂದ ಉಳಿದ ವರ್ಣಗಳು. ಇವೆಲ್ಲಕ್ಕಿಂತಲೂ ನಮಗೆ ಮುಖ್ಯವಾದುದು ಅವನು ಹೇಳುವ ಕ್ರಮ: ರೂಪವನ್ನು ಅದರ ಪ್ರಮಾಣದೊಡನೆ ಮೊದಲು ಮನಸ್ಸಿನಲ್ಲಿ ಚಿಂತಿಸಿ, ಅನಂತರ ಭಿತ್ತಿಯಲ್ಲಿ ನಿಲ್ಲಿಸಬೇಕು. ಜಿನಸೇನರ ಕಥೆಯಲ್ಲಿ ಸ್ಮರಣೆಯಾದುದು ಚಾಲುಕ್ಯ ಅರಸನ ಶಾಸ್ತ್ರದಲ್ಲಿ ಚಿ೦ತನೆಯಾಗಿದೆ. ಇಬ್ಬರ ಪ್ರಕಾರವೂ ಕೈ ಎರಡನೆಯದು.

ಚಿತ್ರಗಳನ್ನು ಸೋಮೇಶ್ವರನು ವಿದ್ಧ, ಅವಿದ್ಧ, ಭಾವ, ರಸ, ಧೂಲಿ ಎಂದು ವಿಂಗಡಿಸುತ್ತಾನೆ. ಕನ್ನಡಿಯ ಬಿಂಬದಂತೆ ಹೋಲುವುದು ವಿದ್ಧಚಿತ್ರ. ಕೊನೆಯದಾದ ಧೂಲಿಚಿತ್ರ ಪುಡಿಯಿಂದ ನೆಲದ ಮೇಲೆ ಬರೆಯುವಂಥದು. ದಂಡಿನಶಿವರದ ಮನೆಗಳ ಮುಂದೆ ಬೆಳಗಿನ ಹೊತ್ತು ಹೆಂಗಸರು ಬಿಡುವ ರಂಗೋಲಿಯನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಮೊದಲು ಚುಕ್ಕಿ, ಆಮೇಲೆ ಎಳೆ. ಆದರೆ ಚುಕ್ಕಿಗೂ ಮೊದಲು ಇಡೀ ರೂಪ ಬಿಡುವವರ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಅವರಾರೂ ಅದರ ಕೆಳಗೆ ಹೆಸರು ಬರೆಯುವುದಿಲ್ಲ. ಸಂಜೆಗೆ ಅದು ಅಳಿಸಿಹೋಗುತ್ತದೆ, ಮರುದಿನ ಮತ್ತೆ ಬರುತ್ತದೆ.

ಈಗ ಓಲೆಗೇ ಬರೋಣ. ಗೋಡೆಗೆ ಒಪ್ಪುವ ದಪ್ಪ ಲೇಪ ಓಲೆಗೆ ಸಲ್ಲದು. ಓಲೆ ಬಾಗಿದರೆ ಲೇಪ ಬಿರಿಯುತ್ತದೆ. ತೆಂಗಿನ ಗರಿ ಬರಹಕ್ಕೆ ಒದಗುವಂಥದಲ್ಲ. ಶ್ರೀತಾಳೆಯ ಅಗಲವಾದ, ನಯವಾದ ಓಲೆಯೇ ಬೇಕು. ಅಷ್ಟಾದರೂ ಅದರ ಅಗಲ ನಾಲ್ಕು ಬೆರಳಿನ ಆಸುಪಾಸು. ಆ ಇಕ್ಕಟ್ಟಿನಲ್ಲಿ ಕಾಯೋತ್ಸರ್ಗದ ಬಾಹುಬಲಿ ನಿಲ್ಲಬೇಕು, ಬಳ್ಳಿ ಹಬ್ಬಬೇಕು. ಚಿತ್ರಕಾರನು ಬಣ್ಣಗಳನ್ನು ಕೆಲವಕ್ಕೇ ಮಿತಗೊಳಿಸಿದ್ದಾನೆ. ಸಮವಾಗಿ ಹರಡಿದ ಬಣ್ಣವನ್ನು ರೇಖೆಯಿಂದ ಕಟ್ಟಿದ್ದಾನೆ. ಪಶ್ಚಿಮ ಭಾರತದ ಜೈನ ಹಸ್ತಪ್ರತಿಗಳಲ್ಲಿ ಕಾಣುವ, ಕೆನ್ನೆಯ ಗೆರೆಯನ್ನು ದಾಟಿ ಹೊರಚಾಚಿದ ಕಣ್ಣು ಈತನ ಮುಖಗಳಲ್ಲಿಲ್ಲ. ಅಕ್ಷರದ ಸಾಲು ಮುಗಿದಲ್ಲಿ ಚಿತ್ರ ಆರಂಭವಾಗುತ್ತದೆ, ಒಂದು ಇನ್ನೊಂದರ ಎಡೆಯನ್ನು ಆಕ್ರಮಿಸುವುದಿಲ್ಲ. ಲಿಪಿಕಾರನೂ ಚಿತ್ರಕಾರನೂ ಮೊದಲೇ ಮಾತನಾಡಿಕೊಂಡು ಎಡೆಯನ್ನು ಹಂಚಿಕೊಂಡಿರಬೇಕು. ಅಥವಾ ಇಬ್ಬರೂ ಒಬ್ಬನೇ ಆಗಿರಬೇಕು. ಹೆಸರಿಲ್ಲದವನ ಮಾತೆಂದರೆ ಇದೇ: ಏನನ್ನು ಎಲ್ಲಿ ನಿಲ್ಲಿಸಿದನು, ಏನನ್ನು ಬಿಟ್ಟನು.

ಶ್ರವಣಬೆಳಗೊಳದ ಜೈನ ಮಠದ ಗೋಡೆಗಳಲ್ಲಿ ಇವುಗಳಿಗಿಂತ ಬಹಳ ಈಚಿನ ಚಿತ್ರಗಳಿವೆ. ಅವುಗಳಲ್ಲಿ ಷಡ್ಲೇಶ್ಯೆಗಳ ದೃಷ್ಟಾಂತವೂ ಒಂದು. ಹಣ್ಣಿನ ಮರವೊಂದರ ಬಳಿ ಆರು ಮಂದಿ. ಒಬ್ಬನು ಬುಡವನ್ನೇ ಕಡಿಯಹೊರಟರೆ, ಕೊನೆಯವನು ಉದುರಿದ ಹಣ್ಣನ್ನಷ್ಟೇ ಆಯ್ದುಕೊಳ್ಳುತ್ತಾನೆ. ಕೃಷ್ಣ, ನೀಲ, ಕಾಪೋತ, ತೇಜ, ಪದ್ಮ, ಶುಕ್ಲ ಎಂಬ ಆರು ವರ್ಣಗಳು ಜೀವದ ಪರಿಣಾಮಗಳನ್ನು ಸೂಚಿಸುತ್ತವೆ. ನಮ್ಮ ಶಾಸ್ತ್ರದಲ್ಲಿ ವರ್ಣವು ಹೊರಗಿನ ಪದಾರ್ಥ ಮಾತ್ರವಲ್ಲ, ಒಳಗಿನ ಅವಸ್ಥೆಯ ಹೆಸರೂ ಹೌದೆಂಬುದಕ್ಕೆ ಇದೊಂದೇ ಸಾಕು. ಬಣ್ಣ ಅರೆಯುವವನು ತನ್ನ ಲೇಶ್ಯೆಯನ್ನೂ ನೋಡಿಕೊಳ್ಳಬೇಕೆಂಬ ಎಚ್ಚರ ಈ ಸಂಪ್ರದಾಯದಲ್ಲಿ ಬೆಳೆದವನಿಗೆ ಇದ್ದಿರಲೇಬೇಕು.

ಇದನ್ನೆಲ್ಲ ಬರೆಯುವುದಕ್ಕೆ ಇನ್ನೊಂದು ಕಾರಣವಿದೆ. ಸಿದ್ಧಾಂತ ಗ್ರಂಥಗಳು ಮೂಡಬಿದಿರೆಯಿಂದ ಹೊರಬಂದ ಕಥೆ ಎಲ್ಲರಿಗೂ ತಿಳಿದುದೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ನಕಲು ಕಾರ್ಯ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಅದರಲ್ಲಿ ಶ್ರಮಿಸಿದರು. ನಕಲುಗಳಿಂದ ನಕಲುಗಳಾಗಿ, 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಅಮರಾವತಿಯಿಂದ ಪ್ರಕಟವಾಯಿತು. ಶಾಸ್ತ್ರ ಉಳಿಯಿತು, ಆ ಮಹನೀಯರ ಋಣ ತೀರಿಸಲಾಗದುದು. ಆದರೆ ನಕಲಿನಲ್ಲಿ ಸಾಗಿ ಬಂದುದು ಅಕ್ಷರ. ಚಿತ್ರ ಓಲೆಯಲ್ಲಿಯೇ ಉಳಿಯಿತು. ಅಕ್ಷರಕ್ಕೆ ನೂರು ಪ್ರತಿಗಳಾಗಬಹುದು. ಚಿತ್ರಕ್ಕೆ ಇರುವುದು ಅದೊಂದೇ ಓಲೆ.

ನಮ್ಮ ಗ್ರಂಥಸೂಚಿಗಳ ಸ್ಥಿತಿಯೂ ಇದೇ. ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಪ್ರಕಟವಾದಾಗ, ಯಾವ ಗ್ರಂಥ ಎಲ್ಲಿದೆ ಎಂಬುದೇ ತಿಳಿಯದ ಕತ್ತಲೆಯಲ್ಲಿ ಅದು ದೀಪವಾಯಿತು. ಗ್ರಂಥನಾಮ, ಕರ್ತೃ, ಭಾಷೆ, ವಿಷಯ ಇವು ಅಂದಿನ ಅಗತ್ಯಗಳಾಗಿದ್ದವು. ಅನಂತರದ ನಾವು ಆ ಅಂಕಣಗಳನ್ನೇ ಹಿಡಿದು ನಡೆದೆವು. ಓಲೆಯಲ್ಲಿ ಚಿತ್ರವಿದ್ದರೆ ‘ಸಚಿತ್ರ’ ಎಂದು ಒಂದು ಮಾತು ಬರೆದು ಮುಂದಿನ ಕಟ್ಟಿಗೆ ಹೋಗುವುದು ನಮ್ಮ ರೂಢಿಯಾಯಿತು. ನಾನೂ ಎಷ್ಟೋ ಸಲ ಹಾಗೆ ಮಾಡಿದ್ದೇನೆ. ಅಂಚಿನ ಹೂಬಳ್ಳಿ, ದಾರದ ರಂಧ್ರದ ಸುತ್ತ ಎಳೆದ ಮಂಡಲ, ಮುಗಿಯದೆ ಉಳಿದ ರೇಖೆ, ರಕ್ಷಾಫಲಕದ ಮೇಲಿನ ಬಣ್ಣ, ಇವುಗಳನ್ನು ಗುರುತಿಸಿಡಲಿಲ್ಲ. ಚಿತ್ರಕಾರ ಮಾತನಾಡಲಿಲ್ಲವೆಂದು ದಂಡಿನಶಿವರದಲ್ಲಿ ಹೇಳಿದೆನಷ್ಟೆ. ಆತ ಮಾತನಾಡಿದ್ದನು, ನಮ್ಮ ಅಂಕಣಗಳಲ್ಲಿ ಅದಕ್ಕೆ ಜಾಗವಿರಲಿಲ್ಲ.

ಇದಕ್ಕಿಂತ ಗುರುತರವಾದುದು ರಕ್ಷಣೆಯ ವಿಷಯ. ಕಂಟದಿಂದ ಕೊರೆದ ಓಲೆಯನ್ನು ಶುಚಿಗೊಳಿಸಿ, ನಿಂಬೆಹುಲ್ಲಿನ ಎಣ್ಣೆ ಸವರಿ, ಕಾಡಿಗೆ ತೊಡೆದು ಒರೆಸಿದರೆ ಅಕ್ಷರ ಸ್ಫುಟವಾಗುತ್ತದೆ. ಮಸಿಯಿಂದ ಬರೆದ ಅಥವಾ ಬಣ್ಣ ಹಾಕಿದ ಓಲೆಗೆ ಇದೇ ಉಪಚಾರವನ್ನು ಮಾಡಿದರೆ ಮೇಲ್ಮೈಯಲ್ಲಿರುವುದೆಲ್ಲ ಬಟ್ಟೆಗೆ ಬರುತ್ತದೆ. ತೆಂಗಿನ ಸೀಮೆಯ ಮನೆಗಳಲ್ಲಿ ಭಕ್ತಿಯಿಂದಲೇ ಓಲೆಗೆ ಕೊಬ್ಬರಿ ಎಣ್ಣೆ ಹಚ್ಚುವವರಿದ್ದರೆ ಅವರಿಗೂ ಈ ಮಾತನ್ನು ತಿಳಿಸಬೇಕು. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾದಂದಿನಿಂದ ಸಮೀಕ್ಷೆ, ಸಂರಕ್ಷಣೆ, ಅಂಕೀಕರಣಗಳು ನಾಡಿನ ಹಲವೆಡೆ ನಡೆದಿವೆ. ಇದು ಸಂತೋಷದ ಸಂಗತಿ. ಆದರೆ ಅಂಕೀಕರಣಕ್ಕೆ ಮೊದಲು ಓಲೆಯನ್ನು ಒರೆಸುವ ಕೈ ಯಾರದು, ಆ ಕೈಗೆ ಕೊರೆದ ಓಲೆಗೂ ಬರೆದ ಓಲೆಗೂ ಇರುವ ಭೇದ ಗೊತ್ತೆ ಎಂಬುದನ್ನು ಪ್ರತಿಯೊಂದು ಸಂಸ್ಥೆಯೂ ವಿಚಾರಿಸಿಕೊಳ್ಳಬೇಕು.

ಆದುದರಿಂದ ಈ ಪತ್ರಿಕೆಯ ವಾಚಕರಲ್ಲಿ ನನ್ನ ವಿಜ್ಞಾಪನೆಗಳು ಮೂರು. ಹಸ್ತಪ್ರತಿಯ ವಿವರಣೆಯಲ್ಲಿ ಚಿತ್ರಕ್ಕೆ ಪ್ರತ್ಯೇಕ ಅಂಕಣವಿರಲಿ. ಅದರಲ್ಲಿ ವಿಷಯದೊಡನೆ ಚಿತ್ರದ ಸ್ಥಾನ, ವರ್ಣ, ರೇಖೆಯ ಕ್ರಮ, ಅಪೂರ್ಣತೆಗಳೂ ದಾಖಲಾಗಲಿ. ಮಸಿಯ ಮತ್ತು ಬಣ್ಣದ ಓಲೆಗಳನ್ನು ಎಣ್ಣೆ ಕಾಡಿಗೆಗಳ ಉಪಚಾರದಿಂದ ದೂರವಿಡೋಣ. ಚಿತ್ರವನ್ನು ಓದುವಾಗ ಚಿತ್ರ ಬರೆಯಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳೋಣ. ನಾವು ಲಕ್ಷಣಗ್ರಂಥ ನೋಡಿ ಇದು ಅಂಬಿಕೆಯೆಂದು ಹೇಳಬಲ್ಲೆವು. ಈ ಗೆರೆ ಒಂದೇ ಉಸಿರಿನಲ್ಲಿ ಬಂದುದೋ, ಎರಡು ಸಲ ನಿಂತು ಬಂದುದೋ ಎಂಬುದನ್ನು ಕೈ ಪಳಗಿದವರೇ ಹೇಳಬೇಕು.

ಅಂದು ದಂಡಿನಶಿವರದಲ್ಲಿ ಮೇಷ್ಟರು ಛಾಯಾಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ ಬಗೆ ಈಗ ನನಗೆ ಅರ್ಥವಾಗುತ್ತದೆ. ಅವರು ನನ್ನ ಉತ್ತರವನ್ನು ಒಪ್ಪಿರಲಿಲ್ಲ. ಕೇಳಬೇಕಾದವನನ್ನೇ ನೇರವಾಗಿ ಕೇಳುತ್ತಿದ್ದರು. ಮತ್ತೊಮ್ಮೆ ಆ ಕಡೆಗೆ ಹೋಗುವ ಪ್ರಸಂಗ ಒದಗಿದರೆ, ‘ಇಲ್ಲ’ ಎಂಬ ಮಾತನ್ನು ಹಿಂದಕ್ಕೆ ಪಡೆದು, ‘ಇದೆ, ನಿಮ್ಮ ಕಣ್ಣಿಗೆ ಕಂಡುದನ್ನು ನನಗೆ ಹೇಳಿ’ ಎಂದು ಅವರನ್ನು ಕೇಳಿಕೊಳ್ಳಬೇಕೆಂದಿದ್ದೇನೆ.